ಫೆಲ್ಟ್ ಬಟ್ಟೆಯ ಇಡ್ಲಿ, ವಡೆ, ಮಸಾಲೆ ದೋಸೆ: ಮಕ್ಕಳ ಅಡುಗೆ ಆಟಕ್ಕೆ ಮನೆಯಲ್ಲೇ ಹೊಲಿಯುವ ಬಗೆ

ಮಕ್ಕಳ ಅಡುಗೆ ಆಟಕ್ಕೆ ಬೇಕಾಗುವ ತಿನಿಸುಗಳನ್ನು ಹೊಲಿಯಲು ಫೆಲ್ಟ್‌ನಷ್ಟು ಒಗ್ಗುವ ಬಟ್ಟೆ ಬೇರೊಂದಿಲ್ಲ. ನೇಯ್ದ ಬಟ್ಟೆಯನ್ನು ಕತ್ತರಿಸಿದರೆ ಅಂಚಿನ ಎಳೆಗಳು ಬಿಚ್ಚಿಕೊಳ್ಳುವುದರಿಂದ ಅಂಚನ್ನು ಮಡಚಿ ಹೊಲಿಯಲೇಬೇಕಾಗುತ್ತದೆ, ಮಡಚಿದ ಅಂಚಿನಲ್ಲಿ ಸಣ್ಣ ವೃತ್ತಗಳು ಅಂದಗೆಡುತ್ತವೆ. ಫೆಲ್ಟ್ ಮಗ್ಗದಲ್ಲಿ ನೇಯ್ದದ್ದಲ್ಲ. ನಾರುಗಳನ್ನು ಒಂದರೊಳಗೊಂದು ಸಿಕ್ಕಿಸಿ, ಒತ್ತಿ ಹಾಳೆಯಾಗಿಸಿದ್ದು. ಕಾಶ್ಮೀರದ ನಮ್ದಾ ಹಾಸು ಇದೇ ಜಾತಿಗೆ ಸೇರಿದ್ದು. ನಮ್ಮ ಕಡೆಯ ಕಂಬಳಿ ಉಣ್ಣೆಯದೇ ಆದರೂ ನೇಯ್ದದ್ದಾದ್ದರಿಂದ ಅದಕ್ಕೆ ಈ ಗುಣವಿಲ್ಲ. ಎಲ್ಲಿ ಕತ್ತರಿಸಿದರೂ ಅಂಚು ಹಾಗೆಯೇ ನಿಲ್ಲುವ ಬಟ್ಟೆ ಕೈಯಲ್ಲಿದ್ದರೆ, ಹೊಲಿಗೆ ಯಂತ್ರವಿಲ್ಲದವರೂ ಸೂಜಿ, ದಾರ, ಕತ್ತರಿಗಳಲ್ಲೇ ಒಂದು ತಟ್ಟೆ ತಿಂಡಿಯನ್ನು ಸಿದ್ಧಮಾಡಬಹುದು.

ಸಿದ್ಧ ನಮೂನೆಗಳನ್ನು ಹುಡುಕಿದರೆ ಸಿಗುವುದು ಹೆಚ್ಚಾಗಿ ಪಿಜ್ಜಾ, ಬರ್ಗರ್, ಸ್ಟ್ರಾಬೆರಿ ಮತ್ತು ಕೇಕು. ಅವನ್ನು ಹೊಲಿಯಬಾರದೆಂದೇನೂ ಇಲ್ಲ. ಆದರೆ ದಿನವೂ ಅಡುಗೆಮನೆಯಲ್ಲಿ ದೋಸೆ ಹುಯ್ಯುವುದನ್ನು ನೋಡುವ ಮಗು ಆಟದಲ್ಲಿ ಮಾಡಬಯಸುವುದೂ ಅದನ್ನೇ: ಹಿಟ್ಟು ಹರಡುವುದು, ಮಗುಚುವುದು, ಪಲ್ಯ ಇಟ್ಟು ಮಡಚುವುದು, ಚಟ್ನಿ ಬೇಕೇ ಎಂದು ಕೇಳುವುದು. ಆದ್ದರಿಂದ ಯಾವ ತಿನಿಸನ್ನು ಹೊಲಿಯಬೇಕೆಂದು ಆರಿಸುವಾಗ ಅದು ನೋಡಲು ಎಷ್ಟು ಚೆಂದ ಎಂಬುದಕ್ಕಿಂತ, ಅದನ್ನು ಹಿಡಿದು ಮಗು ಏನೇನು ಮಾಡಬಹುದು ಎಂಬುದನ್ನು ಮೊದಲು ನೋಡಬೇಕು. ಮಡಚಬಹುದಾದ, ತುಂಬಬಹುದಾದ, ಬಿಡಿಸಿ ಮತ್ತೆ ಜೋಡಿಸಬಹುದಾದ ತಿನಿಸುಗಳು ಆಟದಲ್ಲಿ ಬಹುಕಾಲ ಉಳಿಯುತ್ತವೆ. ಒಂದೇ ಮುದ್ದೆಯಾಗಿ ಹೊಲಿದುಬಿಟ್ಟವು ಬೇಗ ಮೂಲೆ ಸೇರುತ್ತವೆ.

ಬಟ್ಟೆ, ದಾರ, ತುಂಬುವ ಹತ್ತಿ

ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಎ4 ಅಳತೆಯ, ಅಂದರೆ 21 × 29.7 ಸೆಂ.ಮೀ. ಹಾಳೆಗಳಾಗಿ ಕತ್ತರಿಸಿದ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಫೆಲ್ಟ್. ಇದರಲ್ಲಿ ಗಟ್ಟಿ ಮತ್ತು ಮೆತು ಎಂದು ಎರಡು ಬಗೆಗಳಿವೆ. ಗಟ್ಟಿ ಫೆಲ್ಟ್‌ಗೆ ಅಂಟಿನಂಥ ಗಂಜಿ ಹಾಕಿರುವುದರಿಂದ ಅದು ರಟ್ಟಿನಂತೆ ನೆಟ್ಟಗೆ ನಿಲ್ಲುತ್ತದೆ, ಮಡಚಿದರೆ ಗೆರೆ ಬೀಳುತ್ತದೆ. ಶಾಲೆಯ ಕರಕುಶಲ ಕೆಲಸಕ್ಕೆ ಅದು ಸರಿ, ತಿನಿಸಿಗೆ ಬೇಡ. ಬೆರಳಿನಿಂದ ಹಿಡಿದಾಗ ಬಾಗಿ ಜೋತುಬೀಳುವ, 1ರಿಂದ 1.5 ಮಿ.ಮೀ. ದಪ್ಪದ ಮೆತು ಫೆಲ್ಟ್ ಕೇಳಿ ತನ್ನಿ. ಕೊಳ್ಳುವ ಮೊದಲು ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಅಲ್ಲಲ್ಲಿ ತೆಳುವಾಗಿ ಬೆಳಕು ತೂರಿ ಬಂದರೆ ಅಂಥ ಹಾಳೆ ಹತ್ತಿ ತುಂಬಿದಾಗ ಹಿಗ್ಗಿ, ಹೊಲಿಗೆಯ ಬಳಿ ಹರಿಯುತ್ತದೆ. ಉಣ್ಣೆಯ ಅಥವಾ ಉಣ್ಣೆ ಬೆರೆತ ಫೆಲ್ಟ್ ಬೆಲೆ ಹೆಚ್ಚಾದರೂ ಬೇಗ ಜುಂಗೇಳುವುದಿಲ್ಲ, ಬಣ್ಣವೂ ಮಾಗಿದಂತೆ ಕಾಣುತ್ತದೆ. ಎಲ್ಲದಕ್ಕೂ ಅದನ್ನೇ ಬಳಸಲಾಗದಿದ್ದರೆ ದೋಸೆಗಾದರೂ ಅದನ್ನು ಮೀಸಲಿಡಬಹುದು, ಏಕೆಂದರೆ ಅತಿ ಹೆಚ್ಚು ಮಡಿಕೆಗೆ ಸಿಕ್ಕುವುದು ಅದೇ.

ಬಣ್ಣದ ವಿಷಯದಲ್ಲಿ ಒಂದು ಮಾತು. ಅಚ್ಚ ಬಿಳಿಯ ಇಡ್ಲಿ ತಿನಿಸಿನಂತೆ ಕಾಣುವುದಿಲ್ಲ, ಬೆಣ್ಣೆ ಬಿಳಿಯದು ಕಾಣುತ್ತದೆ. ಹಾಗೆಯೇ ಅಚ್ಚ ಹಳದಿಯ ದೋಸೆಯೂ ಬೇಡ; ಕಂದು ಬೆರೆತ ಹೊಂಬಣ್ಣ ಬೇಕು. ಅಂಗಡಿಯಲ್ಲಿ ಅನುಮಾನ ಬಂದಾಗ ಎರಡು ಬಣ್ಣಗಳಲ್ಲಿ ಮಂಕಾದದ್ದನ್ನು ಆರಿಸಿದರೆ ಬಹುತೇಕ ಸರಿಹೋಗುತ್ತದೆ. ಮೆಣಸಿನಕಾಯಿ, ಟೊಮೇಟೊಗಳಿಗೆ ಮಾತ್ರ ಕಣ್ಣು ಕುಕ್ಕುವ ಬಣ್ಣ ಇರಲಿ.

ದಾರಕ್ಕೆ ಸಾಮಾನ್ಯ ಹೊಲಿಗೆ ದಾರಕ್ಕಿಂತ ಕಸೂತಿ ದಾರವೇ ಮೇಲು. ಆ್ಯಂಕರ್ ಮೊದಲಾದ ಹೆಸರಿನಲ್ಲಿ ಸಿಗುವ ಲಡಿಯಲ್ಲಿ 8 ಮೀಟರ್ ಉದ್ದದ, 6 ಎಳೆ ಸೇರಿದ ದಾರವಿರುತ್ತದೆ. ಅದರಿಂದ ಎರಡು ಎಳೆಗಳನ್ನು ಬೇರ್ಪಡಿಸಿ ಬಳಸಬೇಕು. ಆರೂ ಎಳೆಗಳನ್ನು ಒಟ್ಟಿಗೆ ಬಳಸಿದರೆ ಸೂಜಿ ದೊಡ್ಡ ತೂತು ಮಾಡಿ ಫೆಲ್ಟಿನ ಅಂಚು ಕಿತ್ತುಬರುತ್ತದೆ. ಒಂದು ಸಲಕ್ಕೆ ಒಂದು ಮೊಳ, ಹೆಚ್ಚೆಂದರೆ ಒಂದೂವರೆ ಮೊಳ ದಾರ ಸಾಕು. ಅದಕ್ಕಿಂತ ಉದ್ದವಾದರೆ ಫೆಲ್ಟಿನ ನಾರುಗಳು ದಾರಕ್ಕೆ ಮೆತ್ತಿ ಸಿಕ್ಕುಬೀಳುತ್ತವೆ.

ಒಳಗೆ ತುಂಬಲು ಪಾಲಿಯೆಸ್ಟರ್ ಫೈಬರ್, ಅಂದರೆ ದಿಂಬಿಗೆ ತುಂಬುವ ರೆಕ್ರಾನ್ ಬಳಸುವುದು ಒಳ್ಳೆಯದು (ಮುಂದೆ ತುಂಬುವ ಹತ್ತಿ ಎಂದಿರುವಲ್ಲೆಲ್ಲ ಇದೇ). ಅರಳೆಯನ್ನಾಗಲಿ ಬೂರುಗದ ಹತ್ತಿಯನ್ನಾಗಲಿ ತುಂಬಿದರೆ ತೊಳೆದಾಗ ಗಂಟುಕಟ್ಟುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಒಳಗಿನ ತೇವ ಆರದೆ ಬೂಷ್ಟು ಬರುತ್ತದೆ. ಹಳೆಯ ದಿಂಬಿನ ರೆಕ್ರಾನ್ ಅನ್ನು ತೊಳೆದು, ಒಣಗಿಸಿ, ಬೆರಳಿನಿಂದ ಬಿಡಿಸಿಕೊಂಡರೆ ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ಬಟ್ಟೆಯ ಚೂರುಗಳನ್ನು ತುಂಬಬೇಡಿ, ಹೊರಗಿನಿಂದ ಉಬ್ಬುತಗ್ಗು ಕಾಣುತ್ತದೆ.

ಇವಿಷ್ಟಲ್ಲದೆ ಬಟ್ಟೆಗೆಂದೇ ಮೀಸಲಾದ ಹರಿತವಾದ ಕತ್ತರಿ, ಕಸೂತಿ ಸೂಜಿ, ಗುಂಡುಸೂಜಿಗಳು, ಗುರುತು ಮಾಡಲು ಸೋಪಿನ ಚೂರು ಬೇಕು. ನಮೂನೆಗಳನ್ನು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಕತ್ತರಿಸಿಟ್ಟುಕೊಂಡರೆ ಮತ್ತೆ ಮತ್ತೆ ಬಳಸಬಹುದು. ಗುಂಡುಸೂಜಿಗಳನ್ನು ಕೆಲಸಕ್ಕೆ ಕೂರುವಾಗ ಎಣಿಸಿ, ಏಳುವಾಗ ಮತ್ತೆ ಎಣಿಸಬೇಕು. ಮೆತ್ತನೆಯ ಆಟಿಕೆಯೊಳಗೆ ಮರೆತ ಒಂದು ಸೂಜಿಯನ್ನು ಹೊರಗಿನಿಂದ ಒತ್ತಿ ಹುಡುಕುವುದು ಕಷ್ಟ, ಮತ್ತು ಅದನ್ನು ಮೊದಲು ಕಂಡುಹಿಡಿಯುವುದು ಮಗುವಿನ ಕೈಯೇ ಆಗಬಹುದು.

ಕಲಿಯಬೇಕಾದ ಒಂದೇ ಹೊಲಿಗೆ

ಬ್ಲ್ಯಾಂಕೆಟ್ ಸ್ಟಿಚ್ ಬಂದರೆ ಮುಕ್ಕಾಲು ಪಾಲು ಕೆಲಸ ಬಂದಂತೆ. ಎರಡು ಪದರಗಳನ್ನು ಜೋಡಿಸಿ ಹಿಡಿದು, ಗಂಟು ಪದರಗಳ ನಡುವೆ ಅಡಗುವಂತೆ ಸೂಜಿಯನ್ನು ಒಳಗಿನಿಂದ ಮೇಲಿನ ಪದರದ ಮುಂಬದಿಗೆ ತನ್ನಿ. ಬಳಿಕ ದಾರವನ್ನು ಅಂಚಿನ ಮೇಲಿಂದ ಹಿಂದಕ್ಕೆ ತಂದು, ಸೂಜಿಯನ್ನು ಅದೇ ತೂತಿನಲ್ಲಿ ಹಿಂದಿನಿಂದ ಮುಂದಕ್ಕೆ ಒಮ್ಮೆ ಹೊರತೆಗೆದು, ಅಂಚಿನಲ್ಲಿ ಉಳಿದ ಕುಣಿಕೆಯೊಳಗೆ ಸೂಜಿಯನ್ನು ತೂರಿಸಿ ಎಳೆದರೆ ದಾರ ಅಂಚಿಗೆ ಕಟ್ಟಿಕೊಳ್ಳುತ್ತದೆ. ಇನ್ನು ಮುಂದೆ ಪ್ರತಿ ಸಲವೂ ಅಂಚಿನಿಂದ 3 ಮಿ.ಮೀ. ಒಳಗೆ, ಹಿಂದಿನ ಹೊಲಿಗೆಯಿಂದ 3–4 ಮಿ.ಮೀ. ಬಲಕ್ಕೆ ಸೂಜಿಯನ್ನು ಎರಡೂ ಪದರಗಳ ಮೂಲಕ ಮುಂದಿನಿಂದ ಹಿಂದಕ್ಕೆ ಚುಚ್ಚಿ, ಹೊರಬರುವ ಸೂಜಿಯ ಮೊನೆಯ ಕೆಳಗೆ ದಾರ ಇರುವಂತೆ ನೋಡಿಕೊಂಡು ಎಳೆಯಬೇಕು. ದಾರ ಅಂಚಿನ ಮೇಲೆ ಸುಮ್ಮನೆ ಕೂತರೆ ಸಾಕು. ಬಿಗಿಯಾಗಿ ಎಳೆದರೆ ಅಂಚು ಅಲೆಯಲೆಯಾಗುತ್ತದೆ. ಹೊಲಿಯಬೇಕಾದ ಅಂಚಿನ ಸುಮಾರು ಮೂರು ಪಟ್ಟು ಉದ್ದದ ದಾರ ಇದಕ್ಕೆ ಖರ್ಚಾಗುತ್ತದೆ ಎಂಬ ಲೆಕ್ಕವಿದ್ದರೆ ನಡುವೆ ದಾರ ಮುಗಿಯುವ ಜಾಗವನ್ನು ಮೊದಲೇ ಊಹಿಸಬಹುದು. ಮೊದಲು ಚೂರು ಫೆಲ್ಟಿನ ಮೇಲೆ ಒಂದು ಗೇಣು ಉದ್ದ ಅಭ್ಯಾಸ ಮಾಡಿಕೊಳ್ಳಿ.

ಉಳಿದಂತೆ, ಸೂಜಿಯನ್ನು ಸಮ ಅಂತರದಲ್ಲಿ ಮೇಲೆ ಕೆಳಗೆ ಹಾಯಿಸುತ್ತ ಸಾಗುವ ರನ್ನಿಂಗ್ ಸ್ಟಿಚ್ ಎಲ್ಲರಿಗೂ ಗೊತ್ತಿರುವುದೇ. ಸಾಸಿವೆ, ಮೆಣಸಿನಂಥ ಚುಕ್ಕೆಗಳಿಗೆ ಫ್ರೆಂಚ್ ನಾಟ್ ಬೇಕಾಗುತ್ತದೆ: ದಾರವನ್ನು ಮೇಲೆ ತಂದು, ಸೂಜಿಗೆ ಎರಡು ಸುತ್ತು ಸುತ್ತಿ, ದಾರ ಹೊರಬಂದ ಜಾಗದ ಪಕ್ಕದಲ್ಲೇ ಸೂಜಿಯನ್ನು ಕೆಳಗಿಳಿಸುವಾಗ ದಾರದ ಬಾಲವನ್ನು ಎಡಗೈಯಲ್ಲಿ ಬಿಗಿಹಿಡಿದಿರಬೇಕು.

ಇಡ್ಲಿ

ಆರಂಭಕ್ಕೆ ಇಡ್ಲಿ ಸೂಕ್ತ. ಒಂದೇ ಅಳತೆಯ ಎರಡು ಬಿಲ್ಲೆಗಳನ್ನು ಹೊಲಿದು ಹತ್ತಿ ತುಂಬಿದರೆ ಅದು ಇಡ್ಲಿಯಾಗುವುದಿಲ್ಲ, ಅಂಚೆಲ್ಲ ಸುಕ್ಕುಗಟ್ಟಿದ ಪುಟ್ಟ ದಿಂಬಾಗುತ್ತದೆ. ಇಡ್ಲಿಯ ಉಬ್ಬು ಬರಬೇಕಾದರೆ ಮೇಲಿನ ಬಿಲ್ಲೆ ಕೆಳಗಿನದಕ್ಕಿಂತ ದೊಡ್ಡದಿರಬೇಕು. ಬೆಣ್ಣೆ ಬಿಳಿಯ ಫೆಲ್ಟಿನಲ್ಲಿ 10 ಸೆಂ.ಮೀ. ಮತ್ತು 9 ಸೆಂ.ಮೀ. ಅಡ್ಡಳತೆಯ ಎರಡು ವೃತ್ತಗಳನ್ನು ಕತ್ತರಿಸಿ. ದೊಡ್ಡ ವೃತ್ತದ ಅಂಚಿನಿಂದ 2 ಮಿ.ಮೀ. ಒಳಗೆ ಸುತ್ತಲೂ ಸಣ್ಣ ರನ್ನಿಂಗ್ ಸ್ಟಿಚ್ ಹಾಕಿ, ದಾರದ ಎರಡೂ ತುದಿಗಳನ್ನು ಮೆಲ್ಲಗೆ ಎಳೆದರೆ ಅದು ತಟ್ಟೆಯಂತೆ ಬಾಗುತ್ತದೆ. ಸಣ್ಣ ವೃತ್ತದ ಮೇಲೆ ಕೂರುವಷ್ಟು ಎಳೆದು ಗಂಟು ಹಾಕಿ, ನೆರಿಗೆಗಳನ್ನು ಬೆರಳಿನಿಂದ ಸುತ್ತಲೂ ಸಮನಾಗಿ ಹಂಚಿ. ಎರಡು ಸುತ್ತಳತೆಗಳ ನಡುವಿನ ವ್ಯತ್ಯಾಸ ಸುಮಾರು 3 ಸೆಂ.ಮೀ. ಮಾತ್ರ, ಸಮನಾಗಿ ಹಂಚಿದರೆ ನೆರಿಗೆಗಳು ಕಣ್ಣಿಗೆ ಬೀಳುವುದಿಲ್ಲ. ಈಗ ಎರಡನ್ನೂ ಬ್ಲ್ಯಾಂಕೆಟ್ ಸ್ಟಿಚ್‌ನಿಂದ ಜೋಡಿಸುತ್ತ ಬಂದು, 3 ಸೆಂ.ಮೀ. ಬಾಯಿ ಬಿಟ್ಟು, ಚಿಕ್ಕ ಚಿಕ್ಕ ಎಸಳುಗಳಾಗಿ ಬಿಡಿಸಿದ ಹತ್ತಿಯನ್ನು ಮೊದಲು ಅಂಚಿನತ್ತ, ಕೊನೆಗೆ ನಡುವಿಗೆ ತುಂಬಿ ಮುಚ್ಚಿ. ಬೆರಳಿನಿಂದ ಒತ್ತಿದರೆ ತಗ್ಗಿ, ಬಿಟ್ಟರೆ ನಿಧಾನವಾಗಿ ಏಳುವಷ್ಟು ತುಂಬಿದರೆ ಸಾಕು. ಗಟ್ಟಿಯಾಗಿ ತುಂಬಿದ ಇಡ್ಲಿಯನ್ನು ನಮ್ಮ ಮನೆಗಳಲ್ಲಿ ಆಟದಲ್ಲೂ ಯಾರೂ ಮೆಚ್ಚುವುದಿಲ್ಲ!

ತೂತುಗಳಿರುವ ಇಡ್ಲಿ ತಟ್ಟೆಯಲ್ಲಿ ಬೆಂದ ಇಡ್ಲಿಯ ತಳದಲ್ಲಿ ಸಣ್ಣ ಗುಬುಟುಗಳು ಮೂಡಿರುತ್ತವೆ. ತಳದ ವೃತ್ತದ ಮೇಲೆ, ಜೋಡಿಸುವ ಮೊದಲೇ, ಬಿಳಿ ದಾರದ ನಾಲ್ಕಾರು ಫ್ರೆಂಚ್ ನಾಟ್‌ಗಳನ್ನು ಹಾಕಿದರೆ ಆ ಗುರುತು ಬರುತ್ತದೆ.

ಉದ್ದಿನ ವಡೆ

ಕಂದು ಫೆಲ್ಟಿನಲ್ಲಿ 9 ಸೆಂ.ಮೀ. ಅಡ್ಡಳತೆಯ ಎರಡು ವೃತ್ತಗಳನ್ನು ಕತ್ತರಿಸಿ, ನಡುವೆ 2.5 ಸೆಂ.ಮೀ. ತೂತು ಮಾಡಿ. ಹತ್ತಿ ತುಂಬಿದಾಗ ತೂತು ಕುಗ್ಗುವುದರಿಂದ ಇದಕ್ಕಿಂತ ಸಣ್ಣದು ಮಾಡಿದರೆ ಮುಚ್ಚಿಯೇ ಹೋಗುತ್ತದೆ. ಅಲಂಕಾರವೆಲ್ಲ ಮೊದಲೇ ಮುಗಿಯಬೇಕು: ಕಾಳುಮೆಣಸಿಗೆ ಕಪ್ಪು ದಾರದ ಗಂಟುಗಳು, ಕೊಬ್ಬರಿ ಚೂರಿಗೆ ಬಿಳಿ ದಾರದ ಅರ್ಧ ಸೆಂ.ಮೀ. ಗೀಟುಗಳು, ಕರಿಬೇವಿಗೆ ಕಡುಹಸಿರು ದಾರದ ಎರಡು ಮೂರು ಎಳೆಗಳು. ಜೋಡಿಸುವಾಗ ಒಳಗಿನ ತೂತಿನ ಅಂಚನ್ನು ಮೊದಲು ಹೊಲಿಯಬೇಕು, ಹೊರ ಅಂಚನ್ನು ಆಮೇಲೆ. ಈ ಕ್ರಮ ತಪ್ಪಿದರೆ ಒಳ ಅಂಚಿಗೆ ಕೈ ಹೋಗುವುದಿಲ್ಲ. ಹೊರ ಅಂಚನ್ನು ಕಾಲು ಭಾಗ ಹೊಲಿದಂತೆಲ್ಲ ಅಷ್ಟಷ್ಟಕ್ಕೆ ಹತ್ತಿ ತುಂಬುತ್ತ, ಪೆನ್ಸಿಲ್ಲಿನ ಮೊಂಡು ತುದಿಯಿಂದ ಒಳಕ್ಕೆ ತಳ್ಳುತ್ತ ಸಾಗಬೇಕು. ಕೊನೆಯಲ್ಲಿ ಒಂದೇ ಬಾಯಿಯಿಂದ ಉಂಗುರದ ಸುತ್ತ ಹತ್ತಿಯನ್ನು ಸಾಗಿಸಲು ಸಾಧ್ಯವಾಗದು.

ಮಸಾಲೆ ದೋಸೆ

ಚಪ್ಪಟೆಯಾದ, ಮಡಚಬಹುದಾದ, ಒಳಗೊಂದು ಹೊರಗೊಂದು ಬಣ್ಣದ ದೋಸೆ ಫೆಲ್ಟಿಗೆಂದೇ ಹುಟ್ಟಿದ ತಿನಿಸು. ಎ4 ಹಾಳೆಯಲ್ಲಿ ಕತ್ತರಿಸಬಹುದಾದ ದೊಡ್ಡ ವೃತ್ತ 20 ಸೆಂ.ಮೀ. ಆಸುಪಾಸಿನದು, ಮಗುವಿನ ಕೈಗೆ ಅದು ಸರಿಯಾದ ಅಳತೆಯೇ. ಹೊರಮೈಗೆ ಹೊಂಗಂದು ಬಣ್ಣದಲ್ಲಿ 20 ಸೆಂ.ಮೀ., ಒಳಮೈಗೆ ಕೆನೆ ಬಣ್ಣದಲ್ಲಿ 19.5 ಸೆಂ.ಮೀ. ವೃತ್ತಗಳನ್ನು ಕತ್ತರಿಸಿ. ಒಳಪದರ ಕೂದಲೆಳೆಯಷ್ಟು ಚಿಕ್ಕದಿದ್ದರೆ ಮಡಚಿದಾಗ ಅದು ಉಬ್ಬಿ ಸುಕ್ಕಾಗುವುದಿಲ್ಲ.

ಹೊರಪದರದ ಮೇಲೆ, ಅದನ್ನು ಇನ್ನೊಂದಕ್ಕೆ ಜೋಡಿಸುವ ಮುನ್ನ, ಸೌಟಿನಿಂದ ಹಿಟ್ಟು ಹರಡಿದ ಸುತ್ತುಗಳನ್ನು ಮೂಡಿಸಬೇಕು. ಸೋಪಿನ ಚೂರಿನಿಂದ ನಡುವಿನಿಂದ ಹೊರಕ್ಕೆ, 1.5 ಸೆಂ.ಮೀ. ಅಂತರದಲ್ಲಿ ಸುರುಳಿ ಬರೆದು, ಅದರ ಮೇಲೆ ಮೂರು ಎಳೆಯ ಕಡುಗಂದು ದಾರದಲ್ಲಿ ರನ್ನಿಂಗ್ ಸ್ಟಿಚ್ ಹಾಕಿ. ಸುರುಳಿ ಕೈವಾರದಿಂದ ಬರೆದಂತೆ ಕರಾರುವಾಕ್ಕಾಗಿರಬಾರದು, ಕೈ ಬೀಸಿದ ದಾರಿಯಲ್ಲಿ ಕೊಂಚ ಸೊಟ್ಟಗೇ ಹೋಗಲಿ. ಮೈಸೂರು ಮಸಾಲೆಯಾದರೆ ಒಳಪದರದ ನಡುವೆ ಸುಮಾರು 13 ಸೆಂ.ಮೀ. ಅಗಲದ, ಅಂಚು ಅಂಕುಡೊಂಕಾಗಿ ಕತ್ತರಿಸಿದ ಕೆಂಪು ಫೆಲ್ಟನ್ನಿಟ್ಟು ಅದೇ ಬಣ್ಣದ ದಾರದಲ್ಲಿ ಹೊಲಿಯಿರಿ. ಅದು ಕೆಂಪು ಚಟ್ನಿ. ಬಳಿಕ ಎರಡೂ ಪದರಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, ಗುಂಡುಸೂಜಿ ಚುಚ್ಚಿ, ಅಂಚನ್ನು ಕಡುಗಂದು ದಾರದ ಬ್ಲ್ಯಾಂಕೆಟ್ ಸ್ಟಿಚ್‌ನಿಂದ ಕಟ್ಟಿದರೆ ಗರಿಗರಿಯಾಗಿ ಸೀದ ಅಂಚು ತಾನಾಗಿಯೇ ಬರುತ್ತದೆ. ಇಲ್ಲಿ ಮಾತ್ರ ಹೊಲಿಗೆಗಳ ಅಂತರ ಒಂದೇ ಸಮ ಇರಬೇಕೆಂದಿಲ್ಲ.

ಆಲೂಗಡ್ಡೆ ಪಲ್ಯ ದೋಸೆಯಿಂದ ಬೇರೆಯಾಗಿಯೇ ಇರಬೇಕು, ಇಲ್ಲದಿದ್ದರೆ ಮಗುವಿಗೆ ಮಾಡಲು ಉಳಿಯುವ ಕೆಲಸವೇನು? ಅರಿಶಿನ ಹಳದಿಯ ಎರಡು ತುಂಡುಗಳನ್ನು ಸುಮಾರು 10 × 7 ಸೆಂ.ಮೀ. ಅಳತೆಯಲ್ಲಿ ಅಂಡಾಕಾರವಾಗಿ ಕತ್ತರಿಸಿ, ಸಾಸಿವೆಗೆ ಕಪ್ಪು ಗಂಟು, ಕರಿಬೇವಿಗೆ ಹಸಿರು ದಾರ ಹಾಕಿ, ಸುತ್ತ ಹೊಲಿದು, ತೆಳುವಾಗಿ ಹತ್ತಿ ತುಂಬಿ ಮುಚ್ಚಿ. ಆಮೇಲೆ ಅದೇ ಬಣ್ಣದ ದಾರವನ್ನು ಐದಾರು ಕಡೆ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ತೂರಿಸಿ ಬಿಗಿಯಾಗಿ ಎಳೆದು ಗಂಟು ಹಾಕಿದರೆ ಅಲ್ಲಲ್ಲಿ ಗುಳಿ ಬಿದ್ದು, ನಡುನಡುವೆ ಆಲೂಗಡ್ಡೆಯ ಹೋಳುಗಳಂತೆ ಉಬ್ಬು ಏಳುತ್ತದೆ. ಬೆಣ್ಣೆಗೆ ತಿಳಿಹಳದಿಯ 4.5 ಸೆಂ.ಮೀ. ಚೌಕಗಳನ್ನು ಮೂರು ಪದರ ಒಟ್ಟಿ ಅಂಚು ಹೊಲಿಯಬಹುದು.

ಇನ್ನು ಕೆಲವು

ಕರಿಗಡುಬು ಎಲ್ಲಕ್ಕಿಂತ ಸುಲಭ: 12 ಸೆಂ.ಮೀ. ವೃತ್ತವನ್ನು ಅರ್ಧಕ್ಕೆ ಮಡಚಿ, ಹತ್ತಿ ಇಟ್ಟು, ಬಾಗಿದ ಅಂಚನ್ನು ಮೂರು ಎಳೆಯ ದಾರದಲ್ಲಿ ಅಗಲವಾಗಿ ಹೊಲಿದರೆ, ಆ ಹೊಲಿಗೆಯೇ ಕಡುಬಿನ ಅಂಚಿನ ಮುರಿಗೆಯಾಗುತ್ತದೆ. ಹೋಳಿಗೆಗೆ ಎರಡು ಹಳದಿ ಬಿಲ್ಲೆಗಳ ನಡುವೆ ಒಂದು ಪದರ ಫೆಲ್ಟ್ ಇಟ್ಟರಾಯಿತು, ಹತ್ತಿ ಬೇಡ. ಗಜ್ಜರಿಗೆ 14 ಸೆಂ.ಮೀ. ತ್ರಿಜ್ಯದ ವೃತ್ತದ ಎಂಟನೇ ಒಂದು ಭಾಗವನ್ನು ಕತ್ತರಿಸಿ, ಎರಡು ನೇರ ಅಂಚುಗಳನ್ನು ಸೇರಿಸಿ ಹೊಲಿದರೆ ಸುಮಾರು 3.5 ಸೆಂ.ಮೀ. ದಪ್ಪದ ಶಂಕು ಬರುತ್ತದೆ. ಬಾಯಿಯನ್ನು ರನ್ನಿಂಗ್ ಸ್ಟಿಚ್‌ನಿಂದ ಸೆಳೆದು ಕಟ್ಟುವಾಗ ಹಸಿರು ಸೊಪ್ಪಿನ ಬುಡವನ್ನು ಒಳಗೆ ಸೇರಿಸಿ ಭದ್ರವಾಗಿ ಹೊಲಿಯಬೇಕು. ಅರ್ಧಕ್ಕೆ ಕತ್ತರಿಸಿ ಆಡುವ ತರಕಾರಿ ಬೇಕೆಂದರೆ ಎರಡು ತುಂಡುಗಳ ನಡುವೆ ವೆಲ್ಕ್ರೋ ಹೊಲಿಯಬಹುದು. ಆದರೆ ವೆಲ್ಕ್ರೋದ ಕೊಕ್ಕೆಯ ಭಾಗ ಬುಟ್ಟಿಯಲ್ಲಿರುವ ಬೇರೆಲ್ಲ ಫೆಲ್ಟನ್ನೂ ಕಚ್ಚಿ ಜುಂಗೆಬ್ಬಿಸುವುದರಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಸಾಂಬಾರು, ಸಾರುಗಳಂಥ ದ್ರವ ಪದಾರ್ಥಗಳಲ್ಲಿ ಫೆಲ್ಟ್ ಸೋಲುತ್ತದೆ. ಮನೆಯ ಸಣ್ಣ ಸ್ಟೀಲ್ ಬಟ್ಟಲಿನ ಒಳ ಅಳತೆಗೆ ಸರಿಯಾಗಿ ಒಂದು ಬಿಲ್ಲೆ ಕತ್ತರಿಸಿ, ಅದರ ಮೇಲೆ ನುಗ್ಗೆಕಾಯಿ, ಗಜ್ಜರಿ ಹೋಳುಗಳನ್ನು ಹೊಲಿದು ಬಟ್ಟಲಿನೊಳಗೆ ಕೂರಿಸಿಬಿಟ್ಟರೆ ಸಾಕು. ತಿಳಿಹಸಿರು ಬಿಲ್ಲೆಯಾದರೆ ಅದು ಕಾಯಿಚಟ್ನಿ. ಚನ್ನಪಟ್ಟಣದ ಮರದ ಅಡುಗೆ ಸೆಟ್ಟು ಮನೆಯಲ್ಲಿದ್ದರೆ ಅದರ ಪಾತ್ರೆಗಳ ಅಳತೆಯನ್ನೇ ತೆಗೆದುಕೊಳ್ಳಿ.

ಬಾಳೆ ಎಲೆಯನ್ನು ಮಾತ್ರ ತುಸು ಶ್ರಮಪಟ್ಟು ಮಾಡುವುದು ಯೋಗ್ಯ, ಏಕೆಂದರೆ ಎಲೆಯೊಂದಿದ್ದರೆ ಆಟದಲ್ಲಿ ಬಡಿಸುವುದು ಶುರುವಾಗುತ್ತದೆ. ಹಸಿರು ಎ4 ಹಾಳೆಯ ಒಂದು ತುದಿಯನ್ನು ಮೊನಚಾಗಿಸಿ ಕುಡಿ ಎಲೆಯ ಆಕಾರ ಕೊಟ್ಟು, ಉದ್ದಕ್ಕೆ ನಡುವೆ ತಿಳಿಹಸಿರಿನ ಪಟ್ಟಿಯನ್ನು ದಿಂಡಾಗಿ ಹೊಲಿಯಿರಿ. ಎಲೆ ಒಂದೇ ಪದರದ್ದಾದ್ದರಿಂದ ಅದರ ನರಗಳ ಹೊಲಿಗೆ ಎರಡೂ ಬದಿಯಲ್ಲಿ ಕಾಣುತ್ತದೆ. ಇದಕ್ಕೆ ಧಾರವಾಡ ಕಸೂತಿಯ ಗವಂತಿ ಹೊಲಿಗೆ ಹೇಳಿ ಮಾಡಿಸಿದ್ದು. ಒಂದು ತುದಿಯಿಂದ ರನ್ನಿಂಗ್ ಸ್ಟಿಚ್ ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ಬಿಟ್ಟ ಜಾಗಗಳನ್ನು ತುಂಬುತ್ತ ಮರಳಿದರೆ ಎರಡೂ ಮೈಯಲ್ಲಿ ಒಂದೇ ರೀತಿಯ ಅಖಂಡ ಗೆರೆ ಮೂಡುತ್ತದೆ. ದಾರದ ತುದಿಗಳಿಗೆ ಗಂಟು ಹಾಕದೆ ದಿಂಡಿನ ಪಟ್ಟಿಯ ಕೆಳಗೆ ಸೇರಿಸಿಬಿಡಿ. ಎಲೆ ಹಾಸುವಾಗ ಕುಡಿ ಊಟಕ್ಕೆ ಕೂತವರ ಎಡಕ್ಕೆ ಬರಬೇಕೆಂಬುದನ್ನು ಆಟದಲ್ಲೇ ಮಗುವಿಗೆ ಹೇಳಿಕೊಡಬಹುದು.

ಸುರಕ್ಷತೆ, ತೊಳೆಯುವುದು

ಮೂರು ವರ್ಷದೊಳಗಿನ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರೆ, ತಿನಿಸಿನಂತೆ ಕಾಣುವುದನ್ನಂತೂ ಬಿಡುವುದೇ ಇಲ್ಲ. ಆಟಿಕೆಗಳ ತಪಾಸಣೆಯಲ್ಲಿ ಸಣ್ಣ ಭಾಗಗಳನ್ನು ಅಳೆಯಲು 31.7 ಮಿ.ಮೀ. ಒಳ ವ್ಯಾಸದ, ಓರೆ ತಳದ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಇಳಿಯುವ ಯಾವ ವಸ್ತುವೂ ಆ ವಯಸ್ಸಿನವರಿಗೆ ತಕ್ಕದ್ದಲ್ಲ. ದಪ್ಪ ಕಾಗದವನ್ನು ಅದೇ ಅಗಲದ ಕೊಳವೆಯಾಗಿ ಸುತ್ತಿ ಮನೆಯಲ್ಲೂ ನೋಡಬಹುದು. ಫೆಲ್ಟ್ ಮುದುಡುವ ವಸ್ತುವಾದ್ದರಿಂದ ನೀವು ಇನ್ನೂ ಬಿಗಿಯಾಗಿರಿ: ಕೈಯಲ್ಲಿ ಹಿಂಡಿದಾಗ ಕೊಳವೆಯೊಳಗೆ ಹೋಗುವ ಬೆಣ್ಣೆಯ ತುಂಡನ್ನು ಚಿಕ್ಕ ಮಕ್ಕಳಿರುವ ಮನೆಯಲ್ಲಿ ದೋಸೆಗೇ ಹೊಲಿದುಬಿಡಿ. ಮಣಿ, ಗುಂಡಿ, ಅಯಸ್ಕಾಂತಗಳನ್ನು ಬಳಸಬೇಡಿ. ನುಂಗಿದ ಅಯಸ್ಕಾಂತಗಳು ಕರುಳಿನೊಳಗೆ ಒಂದನ್ನೊಂದು ಸೆಳೆದು ಗಂಭೀರ ಗಾಯ ಮಾಡಬಲ್ಲವು. ಅಂಟಿನಿಂದ ಕೂರಿಸಿದ ಭಾಗಗಳು ಎಂದಾದರೂ ಕಿತ್ತುಬರುವುದರಿಂದ ಎಷ್ಟೇ ಚಿಕ್ಕದಾದರೂ ಹೊಲಿದೇ ಜೋಡಿಸಬೇಕು.

ಇವನ್ನು ಮಾರುವ ಯೋಚನೆಯಿದ್ದರೆ ನಿಯಮವೇ ಬೇರೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ವಸ್ತುಗಳಿಗೆ ವಿನಾಯಿತಿ ಇದೆ.

ಕೊಳೆಯಾದಾಗ ತಣ್ಣೀರಿನಲ್ಲಿ ಮೃದುವಾದ ಸೋಪಿನ ನೊರೆ ಮಾಡಿ, ಉಜ್ಜದೆ ಅದ್ದಿ ಒತ್ತಿ ತೊಳೆಯಬೇಕು. ಬಿಸಿನೀರು ಮತ್ತು ತಿಕ್ಕಾಟ ಉಣ್ಣೆಯ ಫೆಲ್ಟನ್ನು ಕುಗ್ಗಿಸುತ್ತವೆ, ಅಕ್ರಿಲಿಕ್‌ನದು ಜುಂಗೇಳುತ್ತದೆ. ಕೆಂಪು ಬಣ್ಣ ಬಿಡುತ್ತದೆಯೇ ಎಂಬುದನ್ನು ದೋಸೆಗೆ ಹೊಲಿಯುವ ಮೊದಲೇ ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿರಬೇಕು, ಇಲ್ಲವಾದರೆ ಮೊದಲ ಒಗೆತಕ್ಕೇ ಕೆನೆ ಬಣ್ಣದ ಒಳಪದರ ಕೆಂಪಾಗುತ್ತದೆ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಆಕಾರ ತಿದ್ದಿ, ನೆರಳಿನಲ್ಲಿ ಗಾಳಿಗೆ ಹರಡಿ. ಇಸ್ತ್ರಿ ಬೇಕೇ ಬೇಕೆನಿಸಿದರೆ ಮೇಲೊಂದು ಹತ್ತಿ ಬಟ್ಟೆ ಹಾಸಿ ಕಡಿಮೆ ಕಾವಿನಲ್ಲಿ ಒತ್ತಿ, ಏಕೆಂದರೆ ಪಾಲಿಯೆಸ್ಟರ್ ಬೇಗ ಕರಗುತ್ತದೆ. ಎದ್ದ ಜುಂಗನ್ನು ಕೈಯಿಂದ ಕೀಳದೆ ಸಣ್ಣ ಕತ್ತರಿಯಿಂದ ಸವರಿ ತೆಗೆಯಿರಿ. ಪ್ರತಿ ತಿನಿಸಿಗೆ ಬಳಸಿದ ದಾರದ ಒಂದು ಮೊಳವನ್ನು ಅದರ ಕಾಗದದ ನಮೂನೆಗೆ ಸುತ್ತಿಟ್ಟರೆ, ಮುಂದೆ ಹೊಲಿಗೆ ಬಿಟ್ಟಾಗ ಅದೇ ಬಣ್ಣಕ್ಕಾಗಿ ಅಂಗಡಿ ಅಲೆಯುವುದು ತಪ್ಪುತ್ತದೆ.